ಬ್ಯಾನರಿನಾಗ ನನ್ನ ಹೆಸರು ಎಲ್ಲಿ ಅದ?

ಬಸ್ಸಿನಲ್ಲಿ ಕೂತು ಇದನ್ನ ಕೇಳ್ತಾ ಇದ್ದರೆ ಒಂದು ಕೆಲಸ ಮಾಡಿ. ಫೋನ್ ಜೇಬಿನಲ್ಲಿಡಿ, ಇಯರ್‌ಫೋನ್ ಕಿವಿಯಲ್ಲೇ ಇರಲಿ, ಕಿಟಕಿಯಿಂದ ಹೊರಗೆ ನೋಡಿ. ಮುಂದಿನ ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್ ಕಾಣುತ್ತೆ, ಖಂಡಿತ ಕಾಣುತ್ತೆ. ಅದರಲ್ಲಿ ಎಷ್ಟು ಮುಖ ಇವೆ ಎಣಿಸಿ. ಆಮೇಲೆ ಅದು ಯಾವ ಕಾರ್ಯಕ್ರಮದ್ದು, ಅಲ್ಲಿ ಹಾಡೋರು ಯಾರು, ಆಡೋರು ಯಾರು ಅಂತ ಹುಡುಕಿ. ಬಸ್ಸು ಸರ್ಕಲ್ ದಾಟೋದ್ರೊಳಗೆ ಸಿಕ್ಕರೆ ನೀವು ಜಾಣರು. ನನಗಂತೂ ಸಿಗೋದಿಲ್ಲ. ಅಂಥ ಫ್ಲೆಕ್ಸ್ ಡಿಸೈನ್ ಮಾಡೋನೇ ನಾನು, ಆದರೂ ಸಿಗೋದಿಲ್ಲ.

ನಮ್ಮೂರು ಕೊಳಕೂರ. ಕಲಬುರಗಿ ಜಿಲ್ಲೆ, ಜೇವರ್ಗಿ ತಾಲ್ಲೂಕು. ಮಾತಿನ ನಡುವೆ ನಮ್ಮ ಕಡಿ ಭಾಷಾ ಬರ್ತದ, ಜರಾ ಅಡ್ಜಸ್ಟ್ ಮಾಡ್ಕೊಳ್ರಿ. ನಾನು ಹತ್ತು ವರ್ಷದಿಂದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೀನಿ. ನಮ್ಮ ಕಾಕಾ, ಅಂದ್ರೆ ಅಪ್ಪನ ತಮ್ಮ, ಪೇಂಟರ್. ಬ್ರಷ್ ಹಿಡಿದು ಬಟ್ಟೆ ಮೇಲೆ, ಗೋಡೆ ಮೇಲೆ, ತಗಡಿನ ಮೇಲೆ ಬರೆಯೋ ಪೇಂಟರ್. ಒಂದೇ ಮನೆಯಲ್ಲಿ ಬ್ರಷ್ಷೂ ಇದೆ, ಬ್ರಷ್ಷಿನ ಕೆಲಸ ಕಸಿದುಕೊಂಡ ಮಷೀನಿನ ಸಂಬಳವೂ ಇದೆ. ಊಟಕ್ಕೆ ಒಟ್ಟಿಗೇ ಕೂರ್ತೀವಿ.

ಇವತ್ತಿನ ಮಾತು ಬ್ಯಾನರ್ ಬಗ್ಗೆ. ಅದರಲ್ಲೂ ಊರೂರು ತಿರುಗಿ ಆಡುವ ಜನರ ಬ್ಯಾನರ್ ಬಗ್ಗೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಊರಿಗೆ ಒಬ್ಬ ಸೈಕಲ್ಲಿನವನು ಬಂದ. ಉತ್ತರ ಕರ್ನಾಟಕದ ಹಳ್ಳಿಯವರಿಗೆ ಇದು ನೆನಪಿರುತ್ತೆ. ಶಾಲೆ ಮೈದಾನದಲ್ಲೋ ಗುಡಿ ಮುಂದಿನ ಬಯಲಲ್ಲೋ ನಡುವೆ ಒಂದು ಕಂಬ ನೆಟ್ಟು, ಟ್ಯೂಬ್‌ಲೈಟ್ ಕಟ್ಟಿ, ಮೈಕ್ ಹಚ್ಚಿ, ಅದರ ಸುತ್ತ ಒಬ್ಬ ಮನುಷ್ಯ ಹಗಲು ರಾತ್ರಿ ಸೈಕಲ್ ತುಳೀತಾನೆ. ಇಳಿಯೋದಿಲ್ಲ. ಸ್ನಾನ ಸೈಕಲ್ ಮೇಲೆ, ಊಟ ಸೈಕಲ್ ಮೇಲೆ. ಸಂಜೆಯಾದ್ರೆ ಹಾಡಿಗೆ ಕುಣಿತ, ಎದೆ ಮೇಲೆ ಟ್ಯೂಬ್‌ಲೈಟ್ ಒಡೆಯೋದು, ಹಲ್ಲಿನಿಂದ ಸೈಕಲ್ ಎತ್ತೋದು. ಟಿಕೆಟ್ ಇಲ್ಲ. ಖುಷಿಯಾದವರು ಅಂಗಿಗೆ ಹತ್ತರ ನೋಟು ಪಿನ್ ಮಾಡ್ತಾರೆ. ಕೊನೇ ದಿನ ಅವನು ಇಳಿದಾಗ ಊರಿನವರು ಹಾರ ಹಾಕಿ ಕಾಳು, ರೊಕ್ಕ ಕೊಡ್ತಾರೆ.

ಅವನು ಬಂದ ಮೊದಲನೇ ದಿನವೇ ನಮ್ಮ ಪಡಸಾಲೆಗೆ ಬಂದು ನಿಂತ.

“ಕಾಕಾ, ಒಂದು ಬ್ಯಾನರ್ ಬರದು ಕೊಡ್ರಿ. ರೊಕ್ಕ ಈಗ ಇಲ್ರಿ. ಮೂರನೇ ದಿನ ಕೊಡ್ತೀನ್ರಿ.”

ಅಡ್ಡಗೋಡೆ ಹತ್ತಿರ ಕೂತಿದ್ದ ನಮ್ಮ ಆಯಿ, “ಗುರ್ತಿಲ್ಲ ಪರಿಚಯ ಇಲ್ಲ, ಉದ್ರಿ ಹ್ಯಾಂಗ ಕೊಡ್ತಿ?” ಅಂದಳು. ಕಾಕಾ ನಕ್ಕ. “ಐದು ದಿನ ಒಂದೇ ಜಾಗಾದಾಗ ತಿರುಗಾಂವ ಎಲ್ಲಿ ಓಡಿ ಹೋಗ್ತಾನವ್ವಾ?”

ಬಟ್ಟೆ ಅಂದ್ರೆ ಮಾಂಜರಪಾಟ, ಆ ದಪ್ಪನೆ ಕೋರಾ ಬಟ್ಟೆ. ಹಾಗೇ ಬರೆದ್ರೆ ಬಣ್ಣ ಹರಡುತ್ತೆ, ಅಕ್ಷರಕ್ಕೆ ಮೀಸೆ ಬರ್ತದೆ. ಅದಕ್ಕೆ ಮೊದಲು ಗಂಜಿ ಕುಡಿಸಿ ಒಣಗಿಸಬೇಕು. ಆಮೇಲೆ ಗೋಡೆಗೆ ಬಿಗಿಯಾಗಿ ಮೊಳೆ ಹೊಡೆದು ಎಳೆದು ಕಟ್ಟೋದು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಈ ತುದಿ ನಾನು, ಆ ತುದಿ ಕಾಕಾ ಹಿಡಿದು ನಡುವೆ ಎತ್ತಿ ಬಿಟ್ರೆ ಟಪ್ ಅಂತ ನೇರ ಗೆರೆ ಬೀಳುತ್ತೆ. ನನ್ನ ಜೀವನದ ಮೊದಲ ಡಿಸೈನ್ ಕೆಲಸ ಅದು, ದಾರ ಹಿಡಿಯೋದು.

ಇಲ್ಲೊಂದು ಮಾತು ಹೇಳಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆ ನಡುವೆ ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಲ್ತಾವೆ. ಕನ್ನಡ ಹಂಗಲ್ಲ. ಮೇಲೆ ಗುಡಿಸು ಏರುತ್ತೆ, ಕೆಳಗೆ ಒತ್ತು ಇಳಿಯುತ್ತೆ. ‘ಶ್ರೀಕೃಷ್ಣ ಪಾರಿಜಾತ’ ಅಂತ ಬರೀಬೇಕಂದ್ರೆ ಎಡಗಡೆ ಅರ್ಧಕ್ಕೆಲ್ಲ ನೆಲಮಾಳಿಗೆ ಬೇಕು, ಬಲಗಡೆ ‘ಪಾರಿಜಾತ’ಕ್ಕೆ ಕೆಳಗೆ ಏನೂ ಇಲ್ಲ, ಖಾಲಿ. ಆ ಖಾಲಿ ಜಾಗದಲ್ಲಿ ಎರಡನೇ ಸಾಲನ್ನ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಪೇಂಟರನ ಲೆಕ್ಕ. ಕಾಕಾನ ರೇಟು ಆಗ ಅಕ್ಷರಕ್ಕೆ ಎರಡು ರೂಪಾಯಿ, ಒತ್ತು ಫ್ರೀ. “ಸ್ವಾತಂತ್ರ್ಯ ಅಂತ ಬರಸಾಕ ಬಂದ್ರ ನನಗ ಎದಿ ಒಡೀತದ. ಮೂರಕ್ಷರದ ರೊಕ್ಕ, ಆರಕ್ಷರದ ಕೆಲಸ” ಅಂತಿದ್ದ.

ಸೈಕಲ್ಲಿನವನ ಬ್ಯಾನರಿನಲ್ಲಿ ಮೇಲೆ ಕೆಂಪಿನಲ್ಲಿ ‘ಬನ್ನಿರಿ! ನೋಡಿರಿ!’, ನಡುವೆ ನೀಲಿಯಲ್ಲಿ ‘5 ದಿನ 5 ರಾತ್ರಿ ನೆಲಕ್ಕೆ ಕಾಲಿಡದ ಸೈಕಲ್ ಸವಾರ’, ಅದರ ಕೆಳಗೆ ಅವನ ಹೆಸರು. ಕಾಕಾ ಅಷ್ಟಕ್ಕೇ ಬ್ರಷ್ ತೊಳೆಯೋಕೆ ಹೊರಟ. ಅವನು ತಡೆದ.

“ಹೆಸರಿನ ಮುಂದ ನಮ್ಮ ಊರು, ತಾಲ್ಲೂಕು ಎರಡೂ ಹಾಕ್ರಿ ಕಾಕಾ.”

“ಊರು ಯಾರು ಕೇಳ್ತಾರೋ? ಅಕ್ಷರ ಹೆಚ್ಚಾಗ್ತಾವ, ರೊಕ್ಕ ಹೆಚ್ಚಾಗ್ತದ.”

“ಆಗ್ಲಿ ಬಿಡ್ರಿ. ಊರಿಲ್ಲಂದ್ರ ಜನ ಕಳ್ಳ ಅಂತಾರ.”

ಅದನ್ನ ಅವನು ಅಳುತ್ತಾ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿ ಅಂದ ಹಾಗೆ ಹೇಳಿದ. ಆಗ ನನಗೆ ಅದರ ತೂಕ ತಿಳೀಲಿಲ್ಲ. ನನ್ನ ಕಣ್ಣೆಲ್ಲ ಚಿತ್ರದ ಮೇಲೆ. ಕಾಕಾ ಮೂಲೆಯಲ್ಲಿ ಸೈಕಲ್ ಸವಾರನ ಚಿತ್ರ ಬರೆದು, ಸುತ್ತ ಬೆಂಕಿ ಉಂಗುರ ಬರೆದುಬಿಟ್ಟಿದ್ದ. ಆಟದಲ್ಲಿ ಬೆಂಕಿ ಇರಲೇ ಇಲ್ಲ! ಕೆಂಪು ಬಣ್ಣ ಉಳಿದಿತ್ತು, ಅದಕ್ಕೆ. ಎರಡನೇ ರಾತ್ರಿ ಜನ ಗಲಾಟೆ ಶುರು ಮಾಡಿದ್ರು, ಬ್ಯಾನರಿನಾಗ ಬೆಂಕಿ ಅದ, ಇಲ್ಲಿ ಎಲ್ಲಿ ಅದ ಅಂತ. ಪಾಪ, ಮೂರನೇ ರಾತ್ರಿ ಅವನು ಹಳೇ ಟೈರಿಗೆ ಸೀಮೆಎಣ್ಣೆ ಸುರಿದು ಹಚ್ಚಿಸಿ ಅದರ ಪಕ್ಕದಿಂದ ಸೈಕಲ್ ಓಡಿಸಿದ. ಒಳಗಿಂದ ಅಲ್ಲ, ಪಕ್ಕದಿಂದ. ಜನ ಅಷ್ಟಕ್ಕೇ ಚಪ್ಪಾಳೆ ಹೊಡೆದ್ರು. ಬ್ಯಾನರಿನ ದುಡ್ಡು ಅವತ್ತೇ ಬಂತು.

ಇಂಥ ಸುಳ್ಳು ಬರೀ ನಮ್ಮ ಕಾಕಾನದ್ದಲ್ಲ. ಆಫ್ರಿಕಾದ ಘಾನಾ ದೇಶದಲ್ಲಿ ಊರೂರು ತಿರುಗಿ ಹಾಡು-ನಾಟಕ ಆಡೋ ತಂಡಗಳಿದ್ವು, ‘ಕನ್ಸರ್ಟ್ ಪಾರ್ಟಿ’ ಅಂತಾರೆ. ಆಟ ನಡೆಯೋ ಜಾಗದ ಮುಂದೆ ದೊಡ್ಡ ಹಲಗೆಗಳ ಮೇಲೆ ಕೈಯಿಂದ ಬರೆದ ಚಿತ್ರ ನಿಲ್ಲಿಸಿ ಜನರನ್ನ ಕರೀತಿದ್ರು. ಆಮೇಲೆ 1980ರ ದಶಕದಲ್ಲಿ ವಿಡಿಯೊ ಬಂದಾಗ, ಟಿ.ವಿ. ಮತ್ತು ಜನರೇಟರ್ ಹೊತ್ತು ಹಳ್ಳಿಗೆ ಹೋಗಿ ಸಿನಿಮಾ ತೋರಿಸೋರು ಹಿಟ್ಟಿನ ಚೀಲ ಬಿಚ್ಚಿ ಹೊಲಿದು ಅದರ ಮೇಲೆ ಪೋಸ್ಟರ್ ಬರೆಸಿದ್ರು. ಸಿನಿಮಾದಲ್ಲಿ ಇಲ್ಲದ ಹಾವು, ದೆವ್ವ ಎಲ್ಲ ಅಲ್ಲಿರ್ತಿತ್ತು. ಅವನ್ನ ಈಗ ಹೊರದೇಶದವರು ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ತೂಗು ಹಾಕ್ತಾರೆ. ನಮ್ಮ ಕಾಕಾನ ಬೆಂಕಿ ಉಂಗುರ ಆ ಸೈಕಲ್ಲಿನವನ ಜೊತೆ ಯಾವ ಊರಿಗೆ ಹೋಯ್ತೋ.

ಕಲಬುರಗಿಯವರಿಗೆ ಒಂದು ಪ್ರಶ್ನೆ. ನಾಟಕ ನೋಡೋಕೆ ಎಸ್.ಎಂ. ಪಂಡಿತ ರಂಗಮಂದಿರಕ್ಕೆ ಹೋಗಿರ್ತೀರಿ. ಪಂಡಿತರು ನಾಟಕದವರು ಅಂತ ಅಂದ್ಕೊಂಡಿದ್ರಾ? ನಾನೂ ಬಹಳ ದಿನ ಹಾಗೇ ಅಂದ್ಕೊಂಡಿದ್ದೆ. ಅವರು ಚಿತ್ರ ಬರೆಯೋರು. 1916ರಲ್ಲಿ ಇದೇ ಗುಲ್ಬರ್ಗದಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರ್, ಥಿಯೇಟರಿನ ಶೋಕಾರ್ಡ್, ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟ ಬರೆದು ಹೆಸರು ಮಾಡಿದವರು. ಮನೆಮನೆಯ ಗೋಡೆಗೆ ಬಂದ ಕ್ಯಾಲೆಂಡರ್ ದೇವರುಗಳಲ್ಲೂ ಅವರ ಕುಂಚ ಇದೆ. 1993ರಲ್ಲಿ ತೀರಿಕೊಂಡ್ರು. ಜನರನ್ನ ಆಟಕ್ಕೆ ಕರೆಯೋ ಚಿತ್ರ ಬರೆದವರ ಹೆಸರು ಒಂದು ರಂಗಮಂದಿರದ ಮೇಲಿದೆ. ಕಾಕಾ ಕಲಬುರಗಿಗೆ ಬಂದಾಗಲೆಲ್ಲ ಆ ಬೋರ್ಡಿನ ಕಡೆ ಒಮ್ಮೆ ನೋಡ್ತಾನೆ. ಭಕ್ತಿಯಿಂದ ಅಂತ ನಾನು ತಿಳ್ಕೊಂಡಿದ್ದೆ. ಕೇಳಿದ್ರೆ, ಅಕ್ಷರದ ನಡುವಿನ ಜಾಗ ಸರಿ ಅದನೋ ಇಲ್ಲೋ ನೋಡ್ತೀನಿ ಅಂದ.

ಸರಿ, ಫ್ಲೆಕ್ಸ್‌ಗೆ ಬರೋಣ. ನಮ್ಮ ಕಡೆ ಅದು ಬಂದಾಗ ಎಲ್ಲರೂ ಹೇಳಿದ್ದು ಒಂದೇ, ಅಗ್ಗ ಮತ್ತು ಬೇಗ. ನಿಜ. ಆದರೆ ಆಗ ಯಾರಿಗೂ ಕಾಣದೇ ಇನ್ನೊಂದು ಬದಲಾಯ್ತು. ಅದು ಅಂಗಡಿಯಲ್ಲಿ ಕೂತ ಮೇಲೆ ನನಗೆ ಗೊತ್ತಾಗಿದ್ದು.

ಕಾಕಾನಿಗೆ ಒಂದು ಸಾಲು ಬರೆಯೋಕೆ ಅರ್ಧ ತಾಸು. ಒಂದು ಮುಖ ಬರೆಯೋಕೆ? ಫೋಟೊ ಮೇಲೆ ಚೌಕ ಎಳೆದು, ಬಟ್ಟೆ ಮೇಲೆ ದೊಡ್ಡ ಚೌಕ ಎಳೆದು, ಒಂದೊಂದೇ ಚೌಕ ತುಂಬುತ್ತಾ ಹೋದ್ರೆ ಒಂದು ಇಡೀ ದಿನ. ಅಂದ್ರೆ ಅಕ್ಷರ ಅಗ್ಗ, ಮುಖ ತುಟ್ಟಿ. ಹಾಗಾಗಿ ಹಳೇ ಬ್ಯಾನರಿನಲ್ಲಿ ಅಕ್ಷರ ತುಂಬಾ, ಚಿತ್ರ ಒಂದು, ಹೆಚ್ಚಂದ್ರೆ ಎರಡು. ಆ ಒಂದು ಮುಖಕ್ಕೆ ದುಡ್ಡು ಕೊಡೋದಾದ್ರೆ ಯಾರದ್ದು ಬರೆಸ್ತೀರಿ? ಜನ ಯಾರನ್ನ ನೋಡೋಕೆ ಬರ್ತಾರೋ ಅವರದ್ದೇ. ಸೈಕಲ್ ಸವಾರ, ನಾಟಕದ ನಾಯಕಿ, ಕುಸ್ತಿ ಪೈಲ್ವಾನ.

ಫ್ಲೆಕ್ಸ್ ಮಷೀನಿಗೆ ಮುಖವೂ ಒಂದೇ, ಅಕ್ಷರವೂ ಒಂದೇ. ಚದರ ಅಡಿಗೆ ಹನ್ನೆರಡು ರೂಪಾಯಿ, ಅದರಲ್ಲಿ ಏನಾದರೂ ತುಂಬಿ. ಜಾತ್ರೆ ಕಮಿಟಿಯವರು ವಾಟ್ಸ್ಆ್ಯಪಿನಲ್ಲಿ ನಲವತ್ತು ಫೋಟೊ ಕಳಿಸ್ತಾರೆ. ಐನೂರು ಕೊಟ್ಟವರ ಮುಖ ಇಷ್ಟು, ಐದು ಸಾವಿರ ಕೊಟ್ಟವರದ್ದು ಇಷ್ಟು. ಮೊದಲು ಅವರ ಹೆಸರನ್ನ ಮೈಕಿನಲ್ಲಿ ಕೂಗ್ತಿದ್ರು, ಆಯೇರಿ ಕೊಟ್ಟಾಗ. ಕೂಗಿ ಮುಗೀತಿತ್ತು. ಈಗ ಮುಖ ಹದಿನೈದು ದಿನ ಸರ್ಕಲ್‌ನಲ್ಲಿ ನಿಲ್ಲುತ್ತೆ. ನಾನು ಮುಖಗಳ ಹಿಂದಿನ ಬ್ಯಾಕ್‌ಗ್ರೌಂಡ್ ತೆಗೀತೀನಿ, ಬಿಳಿ ಅಂಗಿಗೆ ಇನ್ನಷ್ಟು ಬಿಳಿ ಹಾಕ್ತೀನಿ, ಸಾಲಾಗಿ ಜೋಡಿಸ್ತೀನಿ. ಕೊನೆಗೆ ಉಳಿದ ಜಾಗದಲ್ಲಿ ನಾಟಕದ ಹೆಸರು. ಇನ್ನೂ ಉಳಿದ್ರೆ ಆಡೋರ ಹೆಸರು.

2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಫ್ಲೆಕ್ಸನ್ನೂ ನಿಷೇಧ ಮಾಡ್ತು. 2018ರಲ್ಲಿ ಬೆಂಗಳೂರಿನ ಫ್ಲೆಕ್ಸ್‌ಗಳ ವಿಚಾರಕ್ಕೆ ಹೈಕೋರ್ಟ್ ಗುಡುಗಿತು. ನಿಷೇಧದ ನಂತರ ಕಾಕಾನಿಗೆ ಕೆಲಸ ಬಂತಾ ಅಂತ ಕೇಳ್ತೀರಾ? ಎರಡು ತಿಂಗಳು ಬಂತು. ಆಮೇಲೆ ನಮ್ಮ ಅಂಗಡಿಗೇ ಬಂತು.

ಅದೇ 2018ರ ಜುಲೈ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಆ ತಿಂಗಳಲ್ಲಿ ನಿಮ್ಮ ಫೋನಿಗೂ ಬಂದಿರಬಹುದು, ಮಕ್ಕಳ ಕಳ್ಳರು ಬಂದಿದ್ದಾರೆ ಎಚ್ಚರ ಅನ್ನೋ ವಿಡಿಯೊಗಳು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಜನರನ್ನ ಗುಂಪು ಹೊಡೆದು ಕೊಂದಿತು. ಅವರು ನಾಥಪಂಥಿ ಡವರಿ ಗೋಸಾವಿ ಅನ್ನೋ ಅಲೆಮಾರಿ ಸಮುದಾಯದವರು, ಊರೂರು ತಿರುಗಿ ಭಿಕ್ಷೆ ಬೇಡೋರು. ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಸೊಲ್ಲಾಪುರ ಜಿಲ್ಲೆ ಅಂದ್ರೆ ನಮ್ಮ ಆಳಂದ, ಅಫಜಲಪುರದ ಗಡಿ ದಾಟಿದ್ರೆ ಸಿಗೋದು. ಎರಡು ವಾರದಲ್ಲಿ ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನ ಇದೇ ಸುಳ್ಳು ಸುದ್ದಿಗೆ ಕೊಂದರು.

ಆ ದಿನಗಳಲ್ಲೇ ಒಬ್ಬ ಹಿರಿಯರು ಅಂಗಡಿಗೆ ಬಂದರು. ಹಗಲುವೇಷದವರು. ಗೊತ್ತಿಲ್ಲದವರಿಗೆ ಹೇಳ್ತೀನಿ. ಊರಿಗೆ ಬಂದು ಬಿಡಾರ ಹೂಡಿ, ಬೆಳಗ್ಗೆ ಬಣ್ಣ ಹಚ್ಚಿಕೊಂಡು ಒಂದು ದಿನ ರಾಮ-ಲಕ್ಷ್ಮಣ, ಒಂದು ದಿನ ರಾವಣ, ಒಂದು ದಿನ ಹನುಮಂತ, ಹೀಗೆ ವೇಷ ಕಟ್ಟಿ ಹಾರ್ಮೋನಿಯಂ, ತಬಲಾ ಜೊತೆ ಓಣಿ ಓಣಿ ತಿರುಗಿ ಹಾಡಿ, ಮಾತಾಡಿ, ಕುಣಿದು ಹೋಗ್ತಾರೆ. ಸ್ಟೇಜ್ ಇಲ್ಲ, ಪರದೆ ಇಲ್ಲ, ಬ್ಯಾನರ್ ಮೊದಲೇ ಇಲ್ಲ. ಹನುಮಂತ ಮಾಳಿಗೆ ಮೇಲಿಂದ ಓಣಿಗೆ ಜಿಗಿದ ಮೇಲೆ ಬ್ಯಾನರ್ ಯಾಕೆ ಬೇಕು? ಅವರಿಗೆ ಅರವತ್ತು ದಾಟಿತ್ತು. ಜೀವನದಲ್ಲಿ ಮೊದಲ ಸಲ ತಮ್ಮ ಹೆಸರು ಬರೆಸೋಕೆ ಬಂದಿದ್ದರು.

“ಸಣ್ಣದು ಮಾಡು ತಮ್ಮಾ. ಚೀಲದಾಗ ಮಡಚಿ ಇಡಂಗ ಇರಬೇಕು. ಎಲ್ಲರ ಹೆಸರು, ಊರು, ತಾಲ್ಲೂಕು.”

ಮೂರಡಿ, ಎರಡಡಿ. ಎಪ್ಪತ್ತೆರಡು ರೂಪಾಯಿ. ಮಳೆಗಾಲ, ಬಟ್ಟೆ ಆದ್ರೆ ನೆನೀತದೆ, ಫ್ಲೆಕ್ಸೇ ಸರಿ ಅಂತ ಅವರೇ ಅಂದ್ರು. ಅದಕ್ಕೇ ನಾನು ಫ್ಲೆಕ್ಸ್‌ಗೆ ಬಯ್ಯೋದಿಲ್ಲ. ನನ್ನ ಅನ್ನ ಅದು, ಅವತ್ತು ಅವರ ಕೆಲಸಕ್ಕೂ ಬಂತು. ಆಧಾರ್ ನಂಬರೂ ದೊಡ್ಡದಾಗಿ ಹಾಕು ಅಂದ್ರು, ಬೇಡ ಅಂತ ನಾನೇ ತಡೆದೆ. ಮೇಲೆ ‘ಹಗಲುವೇಷ ಕಲಾವಿದರು’ ಅಂತ ಟೈಪ್ ಮಾಡಿದೆ. ಆಮೇಲೆ ಬುದ್ಧಿ ಎಲ್ಲಿಟ್ಟಿದ್ದೆನೋ, ಕೇಳಿಬಿಟ್ಟೆ. “ಮುತ್ಯಾ, ಕೆಳಗ ‘ನಾವು ಮಕ್ಕಳ ಕಳ್ಳರಲ್ಲ’ ಅಂತ ಹಾಕಲೇನು?”

ಅವರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದರು.

“ಬ್ಯಾಡಪಾ. ಆ ಶಬ್ದ ನನ್ನ ಹೆಸರಿನ ಬಾಜು ಬರಬಾರದು.”

ಮೂರನೇ ಕ್ಲಾಸಿನಲ್ಲಿ ಕೇಳಿದ್ದ ಸೈಕಲ್ಲಿನವನ ಮಾತು ನನಗೆ ಅವತ್ತು ಅರ್ಥವಾಯ್ತು. ನಾವು ಬ್ಯಾನರ್ ಅಂದ್ರೆ ಜಾಹೀರಾತು ಅಂದ್ಕೋತೀವಿ, ಜನ ಸೇರಿಸೋಕೆ ಇರೋದು ಅಂತ. ತಿರುಗಿ ತಿನ್ನೋರಿಗೆ ಅದು ಜನ ಸೇರೋ ಮೊದಲೇ ಬೇಕು. ಇವನು ಇಂಥವನು, ಇಂಥ ಊರಿನವನು, ಬೇಕಾದ್ರೆ ಹೋಗಿ ವಿಚಾರಿಸಿ ಅಂತ ಬಟ್ಟೆ ಮೇಲೆ ಬರೆದು ಊರ ನಡುವೆ ತೂಗು ಹಾಕೋದು ಅದು.

ಈಗ ನನ್ನ ತಪ್ಪಿನ ಕಥೆ. ಎರಡು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ಜಾತ್ರೆ ನಾಟಕ. ಊರಿನ ಹೆಸರು ಬೇಡ. ಊರಿನ ಹುಡುಗರೇ ಗಂಡಸರ ಪಾತ್ರ ಮಾಡೋದು, ನಾಯಕಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನ ಕರೆಸೋದು ನಮ್ಮಲ್ಲಿ ರೂಢಿ. ಹತ್ತಡಿ ಎಂಟಡಿ ಫ್ಲೆಕ್ಸ್ ನಾನೇ ಮಾಡಿದ್ದೆ. ಮೂವತ್ತೆಂಟು ಮುಖ. ನಾನೂ ನಾಟಕ ನೋಡೋಕೆ ಮಧ್ಯಾಹ್ನವೇ ಹೋಗಿದ್ದೆ. ಕಲಾವಿದೆ ಗುಳೇದಗುಡ್ಡದವರು, ಐವತ್ತರ ಹತ್ತಿರದ ವಯಸ್ಸು, ಬಸ್ಸಿಳಿದು ಬ್ಯಾಗ್ ಹಿಡಿದು ನೇರ ಫ್ಲೆಕ್ಸ್ ಮುಂದೆ ಬಂದು ನಿಂತರು. ಮೇಲಿಂದ ಕೆಳಗೆ ಓದಿದರು. ಇನ್ನೊಮ್ಮೆ ಓದಿದರು. ಪಕ್ಕದಲ್ಲಿದ್ದ ನನ್ನನ್ನೇ ಕೇಳಿದರು.

“ತಮ್ಮಾ, ಬ್ಯಾನರಿನಾಗ ನನ್ನ ಹೆಸರು ಎಲ್ಲಿ ಅದ?”

ಇರಲಿಲ್ಲ. ಕಮಿಟಿಯವರು ಕಳಿಸಿದ ಪಟ್ಟಿಯಲ್ಲಿತ್ತು. ಕೊನೇ ಗಳಿಗೆಯಲ್ಲಿ ಇನ್ನೂ ಮೂರು ಮುಖ ಬಂದಾಗ ಜಾಗ ಮಾಡೋಕೆ ಆ ಸಾಲು ನಾನೇ ತೆಗೆದಿದ್ದೆ. ಯಾರೂ ಹೇಳಿರಲಿಲ್ಲ. ಯಾರೂ ಕೇಳೋದಿಲ್ಲ ಅಂದ್ಕೊಂಡಿದ್ದೆ.

ನಾನೇ ಮಾಡಿದ್ದು ಅಂತ ಒಪ್ಕೊಂಡೆ. ಅವರು ಬಯ್ಯಲಿಲ್ಲ. “ಹೆಸರಿದ್ರ ಮುಂದಿನ ಊರಿನವ್ರು ಫೋಟೊ ಹೊಡ್ಕೊಂಡು ನನ್ನ ಹುಡಕ್ತಾರ. ಹೆಸರಿಲ್ಲಂದ್ರ ನಾ ಬರೇ ‘ನಾಟಕದಾಕಿ’ ಆಗ್ತೀನಿ. ರಾತ್ರಿ ಎರಡಕ್ಕ ನಾಟಕ ಮುಗಸಿ ಬಸ್ ಸ್ಟ್ಯಾಂಡಿನಾಗ ಒಬ್ಬಾಕಿ ಕುಂತಾಗ ಈ ಎರಡರಾಗ ಎಷ್ಟು ಫರಕ್ ಅದ ಗೊತ್ತದ ಏನು ನಿನಗ?” ಅಂದರು.

ಹೊಸ ಫ್ಲೆಕ್ಸ್ ತರೋಕೆ ಸಮಯ ಇಲ್ಲ, ಅವತ್ತು ಅಂಗಡಿಯೂ ಬಂದ್. ಕಾಕಾನಿಗೆ ಫೋನ್ ಹಚ್ಚಿದೆ. ಯಾರದೋ ಬೈಕ್ ಹಿಂದೆ ಕೂತು, ಡಬ್ಬಿ, ಬ್ರಷ್ಷು, ಗಂಜಿ ಹಾಕಿ ಒಣಗಿಸಿಟ್ಟಿದ್ದ ಒಂದು ತುಂಡು ಮಾಂಜರಪಾಟ ತಗೊಂಡು ಐದು ಗಂಟೆಗೆ ಬಂದ. ಕೈ ಈಗ ನಡುಗುತ್ತೆ ಅವನಿಗೆ. ಬಲಗೈ ಮಣಿಕಟ್ಟನ್ನ ಎಡಗೈಯಿಂದ ಹಿಡಿದು ಬರೀತಾನೆ. ದಾರದ ಒಂದು ತುದಿ ಮತ್ತೆ ನನ್ನ ಕೈಗೆ ಬಂತು. ಮೊದಲ ಸಾಲು ಅವರ ಹೆಸರು. ಎರಡನೇ ಸಾಲು ‘ಗುಳೇದಗುಡ್ಡ’. ಕೆಂಪಿಗೆ ಕಪ್ಪು ನೆರಳು. ಎರಡೂವರೆ ತಾಸು ಹಿಡೀತು. ಊರಿನ ಹುಡುಗರೆಲ್ಲ ಸುತ್ತ ನಿಂತು ವಿಡಿಯೊ ಮಾಡಿದ್ರು. ಅವರ್ಯಾರೂ ಬ್ರಷ್ಷಿನಿಂದ ಅಕ್ಷರ ಬರೆಯೋದನ್ನ ನೋಡಿರಲಿಲ್ಲ ಅನ್ಸುತ್ತೆ. ಒಬ್ಬ ಹುಡುಗ, “ಮುತ್ಯಾ, ತಪ್ಪಾದ್ರ ಅನ್‌ಡೂ ಹ್ಯಾಂಗ ಮಾಡ್ತಿ?” ಅಂತ ಕೇಳಿದ. ಕಮಿಟಿಯ ಒಂದಿಬ್ಬರು ಗೊಣಗಿದ್ರು, ಬ್ಯಾಡ ಅನ್ನಲಿಲ್ಲ. ಅದನ್ನ ಸ್ಟೇಜಿನ ಮೇಲೆ, ಪರದೆಗೂ ಮೇಲೆ ಕಟ್ಟಿದ್ವಿ.

ಮರುದಿನ ಬೆಳಗ್ಗೆ ಅವರೇ ಏಣಿ ತರಿಸಿ ಬಟ್ಟೆ ಬಿಚ್ಚಿಸಿ, ಸೀರೆ ಮಡಚೋ ಹಾಗೆ ಮಡಚಿ ಬ್ಯಾಗಿನಲ್ಲಿಟ್ಟುಕೊಂಡರು. ಫ್ಲೆಕ್ಸನ್ನ ಊರಿನವರೊಬ್ಬರು ಒಯ್ದು ತೊಗರಿ ಹೊಟ್ಟಿನ ಮೇಲೆ ಹೊಚ್ಚಿದರು. ಮಳೆಗೆ ಒಳ್ಳೇದೇ ಅದು, ಮೂವತ್ತೆಂಟು ಮುಖವೂ ಮೇಲಕ್ಕೆ ನೋಡ್ತಾ ಮಲಗಿದ್ವು.

ಈಗ ನಾನು ಡಿಸೈನ್ ಶುರು ಮಾಡುವಾಗ ಮೊದಲು ಆಡೋರ ಹೆಸರು, ಊರು ಟೈಪ್ ಮಾಡಿ ಲಾಕ್ ಮಾಡಿಬಿಡ್ತೀನಿ. ಮುಖಗಳು ಆಮೇಲೆ. ಎಲ್ಲರೂ ಒಪ್ಪೋದಿಲ್ಲ. ಎರಡು ಗಿರಾಕಿ ಹೋದ್ರು, ಮಾಲೀಕರಿಂದ ಬೈಸಿಕೊಂಡೆ. ಹತ್ತರಲ್ಲಿ ಆರು ಜನ ಗಮನಿಸೋದೇ ಇಲ್ಲ, ಅವರಿಗೆ ಅವರ ಮುಖ ಇದ್ದರೆ ಆಯ್ತು.

ಹೋದ ತಿಂಗಳು ವಾಟ್ಸ್ಆ್ಯಪಿಗೆ ಒಂದು ಫೋಟೊ ಬಂತು. ಯಾವುದೋ ಊರು, ಯಾವುದೋ ಸ್ಟೇಜ್, ಮೇಲೆ ಅದೇ ಬಟ್ಟೆ. ಮಡಿಕೆ ಬಿದ್ದಲ್ಲಿ ಬಣ್ಣ ಸ್ವಲ್ಪ ಸೀಳಿದೆ, ಹೆಸರು ಓದೋಕೆ ಬರುತ್ತೆ. ಬಲಗಡೆ ಕೆಳಗಿನ ಮೂಲೆಯಲ್ಲಿ ಕಾಕಾ ಸಣ್ಣದಾಗಿ ತನ್ನ ಹೆಸರು ಹಾಕಿ ‘ಆರ್ಟ್ಸ್, ಕೊಳಕೂರ’ ಅಂತ ಬರೆದಿದ್ದು ನನಗೂ ಆ ಫೋಟೊದಲ್ಲೇ ಮೊದಲು ಕಂಡಿದ್ದು.

ಕಾಕಾನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು, ಫೋನನ್ನ ದೂರ ಹಿಡಿದು, ಹತ್ತಿರ ಹಿಡಿದು, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದ.

“‘ಡ್ಡ’ದ ಒತ್ತು ಜರಾ ಸಣ್ಣದಾಗ್ಯಾದ” ಅಂದ.